ಬಜಾಜ್ ನಗರದ ಬಿಸಿಲು, ನಮ್ಮ ಮನೆಯ ಉಪ್ಪು

ನಾಗಪುರಕ್ಕೆ ಬಂದ ನಮ್ಮ ಕಡೆಯ ನೆಂಟರು ನೋಡಿ ಹೋಗುವ ಸ್ಥಳಗಳು ಸಾಮಾನ್ಯವಾಗಿ ಮೂರು: ಝೀರೋ ಮೈಲಿನ ಕಂಬ, ದೀಕ್ಷಾಭೂಮಿಯ ಸ್ತೂಪ, ಸೀತಾಬರ್ಡಿಯ ಪೇಟೆ. ಬಜಾಜ್ ನಗರವನ್ನು ನೋಡಬೇಕೆಂದು ಯಾರೂ ರೈಲು ಹತ್ತುವುದಿಲ್ಲ. ಹತ್ತಿ ಬಂದರೂ ತೋರಿಸಲು ನಮ್ಮಲ್ಲಿ ಕೋಟೆಯಿಲ್ಲ, ಕೊತ್ತಲವಿಲ್ಲ. ಶಂಕರ ನಗರ, ಲಕ್ಷ್ಮೀ ನಗರ, ಅಭ್ಯಂಕರ ನಗರಗಳ ಮಗ್ಗುಲಲ್ಲಿ ಸುಮ್ಮನೆ ಕುಳಿತಿರುವ ಬಡಾವಣೆ ಇದು. ಹಳೆಯ ಬಂಗಲೆಗಳು ಒಂದೊಂದಾಗಿ ಇಳಿದು ಅವುಗಳ ಜಾಗದಲ್ಲಿ ನಾಲ್ಕಂತಸ್ತಿನ ಮನೆಗಳು ಏಳುತ್ತಿವೆ. ಆದರೂ ಬೇವಿನ ಮರಗಳು ಸಾಕಷ್ಟು ಉಳಿದುಕೊಂಡಿವೆ. ಮೊದಲು ಸ್ಟೇಷನ್ನಿನಿಂದ ಇಲ್ಲಿಗೆ ಬರಲು ಆಟೋದವನೊಡನೆ ವಾದ ಮಾಡಬೇಕಿತ್ತು. 2020ರಲ್ಲಿ ಸೀತಾಬರ್ಡಿಯಿಂದ ಲೋಕಮಾನ್ಯ ನಗರದ ಕಡೆಗೆ ಮೆಟ್ರೋ ಓಡತೊಡಗಿದ ಮೇಲೆ ಶಂಕರ ನಗರ ಚೌಕದವರೆಗೆ ತಂಪಾಗಿ ಬಂದು, ಅಲ್ಲಿಂದ ಮುಂದಿನ ಅಲ್ಪ ದೂರಕ್ಕೆ ಮಾತ್ರ ವಾದ ಮಾಡಿದರೆ ಸಾಕು.

ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ಒಂದು ವಸ್ತು ಮಾತ್ರ ಇಲ್ಲಿದೆ. ನಮ್ಮ ಬಡಾವಣೆಗೆ ಹೊಂದಿಕೊಂಡೇ ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ವಿದ್ಯಾಲಯದ ಆವರಣವಿದೆ. 1960ರಲ್ಲಿ ಆರಂಭವಾದ ಈ ಕಾಲೇಜಿಗೆ 1962ರಲ್ಲಿ ಆ ಹೆಸರು ಬಂದಿತು. 2002ರಿಂದ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಊರವರ ಬಾಯಲ್ಲಿ ಅದು 'ವಿ.ಎನ್.ಐ.ಟಿ.' ಎಂದು ಮೂರು ನಾಲ್ಕು ಅಕ್ಷರಗಳಾಗಿ ಹೋಗಿದೆ. ಆ ಅಕ್ಷರಗಳಲ್ಲಿ ಮೊದಲನೆಯದು ಮುದ್ದೇನಹಳ್ಳಿಯ ಒಬ್ಬ ಬಡ ಹುಡುಗನ ಹೆಸರು ಎಂದು ನಾವು ನೆರೆಹೊರೆಯ ಮರಾಠಿ ಮಿತ್ರರಿಗೆ ಆಗಾಗ ನೆನಪು ಮಾಡಿಕೊಡುತ್ತೇವೆ. ಅವರು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ.

ಇಷ್ಟಾದ ಮೇಲೆ ಇಲ್ಲಿಯ ಬಿಸಿಲಿನ ಸುದ್ದಿಗೆ ಬರಬೇಕು. ಧಾರವಾಡದ ಹವೆಯಲ್ಲಿ ಬೆಳೆದ ನಮಗೆ ಇಲ್ಲಿಯ ಮೊದಲನೆಯ ಮೇ ತಿಂಗಳು ಇಂದಿಗೂ ಮರೆತಿಲ್ಲ. ನಾಗಪುರದಲ್ಲಿ 2013ರ ಮೇ 23ರಂದು 47.9 ಡಿಗ್ರಿ ಉಷ್ಣತೆ ದಾಖಲಾಯಿತು. 2024ರ ಮೇ ಕೊನೆಗೆ ಒಂದು ಯಂತ್ರಮಾಪಕ 56 ಡಿಗ್ರಿ ತೋರಿಸಿ ದೇಶದ ಪತ್ರಿಕೆಗಳಲ್ಲೆಲ್ಲ ಗದ್ದಲವೆಬ್ಬಿಸಿತು. ಅದು ಯಂತ್ರದ ದೋಷವೆಂದು ಹವಾಮಾನ ಇಲಾಖೆಯವರು ಆಮೇಲೆ ತಿಳಿಸಿದರು. ನಮ್ಮ ಓಣಿಯಲ್ಲಿ ಮಾತ್ರ ಆ ಯಂತ್ರವನ್ನು ನಂಬಿದವರೇ ಹೆಚ್ಚು. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದಾಗ ಒಂಬತ್ತು ದಿನ ಇಲ್ಲಿ 'ನವತಪಾ' ಎನ್ನುತ್ತಾರೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದು ಕೇಳಿ ಬೆಳೆದವರು ನಾವು. ಅದೇ ನಕ್ಷತ್ರ ಇಲ್ಲಿ ಕೆಂಡ ಸುರಿಸುತ್ತದೆ ಎಂಬುದಕ್ಕೆ ಒಗ್ಗಿಕೊಳ್ಳಲು ಹಲವು ವರ್ಷ ಹಿಡಿಯಿತು.

ನಮ್ಮ ಮನೆಯಲ್ಲಿ ಈ ಬಿಸಿಲು ಬರಿಯ ಸೆಕೆಯ ಮಾತಲ್ಲ. ನಮ್ಮ ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಅವಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ರೋಗವಿದೆ. ಹೆಸರು ಉದ್ದವಾದರೂ ರೋಗದ ಮೂಲ ಉಪ್ಪಿನಲ್ಲಿದೆ. ನಮ್ಮ ಮೈಯ ಜೀವಕೋಶಗಳ ಗೋಡೆಯಲ್ಲಿ ಉಪ್ಪು ಹಾದುಹೋಗುವ ಸಣ್ಣ ಬಾಗಿಲುಗಳುಂಟು. ಉಪ್ಪು ಹೋದಲ್ಲಿ ನೀರು ಹೋಗುತ್ತದೆ. ಈ ರೋಗದಲ್ಲಿ ಆ ಬಾಗಿಲು ಕೆಟ್ಟಿರುತ್ತದೆ, ಇಲ್ಲವೆ ತನ್ನ ಜಾಗಕ್ಕೆ ಬಂದೇ ಇರುವುದಿಲ್ಲ. ಆಗ ಶ್ವಾಸಕೋಶದ ಕೊಳವೆಗಳಲ್ಲಿ ತೆಳ್ಳಗಿರಬೇಕಾದ ಕಫ ನೀರು ಸಾಲದೆ ಅಂಟಿನಂತೆ ಗಟ್ಟಿಯಾಗುತ್ತದೆ. ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ಇಳಿಯದೆ ಉಂಡದ್ದು ಮೈಗೆ ಹತ್ತುವುದಿಲ್ಲ. ಬೆವರಿನಲ್ಲಿ ಮಾತ್ರ ಉಲ್ಟಾ ಲೆಕ್ಕ: ಮೈ ಹಿಂದಕ್ಕೆ ಹೀರಿಕೊಳ್ಳಬೇಕಾದ ಉಪ್ಪು ಬೆವರಿನೊಡನೆ ಹೊರಗೆ ಹರಿದುಹೋಗುತ್ತದೆ. ಹಣೆಗೆ ಮುತ್ತಿಟ್ಟರೆ ಉಪ್ಪುಪ್ಪಾಗುವ ಕೂಸು ಬಹಳ ದಿನ ಬಾಳದು ಎಂಬ ನಂಬಿಕೆ ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳಿಂದ ಇತ್ತಂತೆ. ನಮ್ಮ ಕೂಸಿನ ಹಣೆಯೂ ಉಪ್ಪಾಗಿತ್ತು. ಅವಳ ಅಜ್ಜಿ ಅದನ್ನು ಮೊದಲು ಕಂಡವರು. ನಾಗಪುರದ ಬೆವರೇ ಹೀಗೆ ಎಂದು ಎಲ್ಲರೂ ಅಂದುಕೊಂಡೆವು.

ಈ ಉಪ್ಪಿನ ಗುಟ್ಟು ವೈದ್ಯಲೋಕಕ್ಕೆ ತಿಳಿದ ಬಗೆ ನಾಗಪುರದವರು ಕೇಳಲೇಬೇಕಾದದ್ದು. 1938ರಲ್ಲಿ ನ್ಯೂಯಾರ್ಕಿನ ಡೊರೊತಿ ಆಂಡರ್ಸನ್ ಎಂಬ ವೈದ್ಯೆ ಈ ರೋಗವನ್ನು ಬೇರೆಯಾಗಿ ಗುರುತಿಸಿ ವಿವರಿಸಿದರು. ಹತ್ತು ವರ್ಷಗಳ ಅನಂತರ, 1948ರ ಬೇಸಗೆಯಲ್ಲಿ, ಆ ನಗರದಲ್ಲಿ ವಿಪರೀತ ಸೆಕೆಯಾಯಿತು. ಸೆಕೆಗೆ ಕುಸಿದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ರೋಗದವರೇ ಮತ್ತೆ ಮತ್ತೆ ಕಾಣಿಸತೊಡಗಿದರು. ಇದೇಕೆ ಹೀಗೆ ಎಂದು ಹುಡುಕುತ್ತ ಹೋದ ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ಈ ಮಕ್ಕಳ ಬೆವರಿನಲ್ಲಿ ಉಪ್ಪು ಹೆಚ್ಚೆಂದು 1953ರಲ್ಲಿ ಪ್ರಕಟಿಸಿದರು. ಇಂದಿಗೂ ರೋಗವನ್ನು ಖಚಿತಪಡಿಸುವ ಮೊದಲ ಪರೀಕ್ಷೆ ಬೆವರಿನದೇ. ತೋಳಿನ ಮೇಲೆ ಔಷಧ ಸವರಿ, ಸೌಮ್ಯವಾದ ವಿದ್ಯುತ್ತು ಹರಿಸಿ, ಒಂದಿಷ್ಟು ಬೆವರು ತೆಗೆದು ಅಳೆಯುತ್ತಾರೆ. ಕ್ಲೋರೈಡಿನ ಅಂಕಿ 60 ಅಥವಾ ಅದಕ್ಕೂ ಮೇಲಿದ್ದರೆ ರೋಗವಿದೆ ಎಂದರ್ಥ. ಒಂದು ಸೆಕೆಗಾಲ ಕಲಿಸಿದ ಪಾಠ ಇದು. ನಮ್ಮಲ್ಲಿ ಅಂಥ ಸೆಕೆಗಾಲ ವರ್ಷವರ್ಷವೂ ಬರುತ್ತದೆ.

ಭಾರತದಲ್ಲಿ ಈ ರೋಗವೇ ಇಲ್ಲ, ಇದು ಬಿಳಿಯರ ಜಾಡ್ಯ ಎಂದು ಬಹುಕಾಲ ನಂಬಿದ್ದರು. ಇಲ್ಲಿಯ ಮೊದಲ ವರದಿಗಳು 1968ರ ಸುಮಾರಿಗೆ ಬಂದವು. ಕೆಮ್ಮುವ, ಮೈ ಹಿಡಿಯದ ಮಗುವನ್ನು ಕಂಡರೆ ನಮ್ಮ ದೇಶದ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಹಾಗೆ ನೆನಪಾಗುವುದಕ್ಕೆ ಕಾರಣವೂ ಇದೆ, ಕ್ಷಯ ನಮ್ಮಲ್ಲಿ ಅಷ್ಟು ಸಾಮಾನ್ಯ. ನಮ್ಮ ಹುಡುಗಿಗೂ ಒಂದು ದವಾಖಾನೆಯಲ್ಲಿ ಎರಡು ಸಲ, ಆರಾರು ತಿಂಗಳು, ಕ್ಷಯದ ಮಾತ್ರೆ ಕೊಟ್ಟರು. ಕೆಮ್ಮು ಹೋಗಲಿಲ್ಲ. ಅವಳಿಗೆ ಆರೂವರೆ ವರ್ಷವಾದಾಗ ಮತ್ತೊಬ್ಬ ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, "ಬೆವರಿನ ಪರೀಕ್ಷೆ ಮಾಡಿಸಿದ್ದೀರಾ?" ಎಂದರು. ಬೆವರಿನ ಪರೀಕ್ಷೆ ಎಂಬ ಮಾತನ್ನು ಆವರೆಗೆ ನಾವು ಕೇಳಿರಲಿಲ್ಲ. ನಾಗಪುರದಿಂದ ಚೆನ್ನೈ ಗಾಡಿ ಹಿಡಿದು, ಅಲ್ಲಿಂದ ಕಾಟ್ಪಾಡಿಗೆ ಹೋಗಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಮಾಡಿಸಿದೆವು. ಅಲ್ಲಿ ಸಿಕ್ಕ ಹೆಸರನ್ನು ಹಿಡಿದುಕೊಂಡು ಬಜಾಜ್ ನಗರಕ್ಕೆ ಮರಳಿದೆವು.

ಅಷ್ಟರಲ್ಲಿ ಶ್ವಾಸಕೋಶದಲ್ಲಿ ಗಾಯದ ಕಲೆಗಳು ಕುಳಿತಿದ್ದವು. ಗಟ್ಟಿ ಕಫ ಒಳಗೆ ನಿಲ್ಲುತ್ತದೆ, ನಿಂತ ಕಫದಲ್ಲಿ ರೋಗಾಣು ಬೆಳೆಯುತ್ತದೆ, ಅದರೊಡನೆ ಮೈ ಕಾದಾಡುವಾಗ ಕೊಳವೆಯ ಗೋಡೆಯೇ ಬೆಂದುಹೋಗುತ್ತದೆ. ಹೀಗೆ ಮತ್ತೆ ಮತ್ತೆ ಆಗಿ ಗೋಡೆ ಸಡಿಲಾಗಿ ಹಿಗ್ಗುತ್ತದೆ. ಹಿಗ್ಗಿದಲ್ಲಿ ಇನ್ನಷ್ಟು ಕಫ ನಿಲ್ಲುತ್ತದೆ. ಹೂಳು ತುಂಬಿ ದಂಡೆ ಕುಸಿದ ಕಾಲುವೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವೈದ್ಯರು ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಇದು ಬೇರೆ ಕಾರಣಗಳಿಂದಲೂ ಬರುತ್ತದೆ. ದೇಶದ 31 ಆಸ್ಪತ್ರೆಗಳ 2195 ರೋಗಿಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಹಿಂದೆ ಆಗಿಹೋದ ಕ್ಷಯವೇ ಇದರ ಮೂಲವೆಂದು ಕಂಡುಬಂದಿತು. ಆದುದರಿಂದ ಈ ಲೇಖನ ಓದುವ ಮನೆಗಳಲ್ಲಿ ನಮ್ಮ ಮಗಳ ರೋಗ ಇಲ್ಲದಿದ್ದರೂ ಅವಳ ಕೆಮ್ಮು ಇರುವ ಒಬ್ಬ ಕಾಕಾನೋ ಅಜ್ಜಿಯೋ ಇದ್ದಾರು.

ಕಲೆ ಬಿದ್ದದ್ದು ಹೋಗುವುದಿಲ್ಲ. ಹೊಸದು ಬೀಳದಂತೆ ನೋಡಿಕೊಳ್ಳುವುದೇ ನಮ್ಮ ದಿನಚರಿ. ಬೇಸಗೆಯಲ್ಲಿ ಬೆಳಗಿನ ಐದೂವರೆಗೆ ಏಳುತ್ತೇವೆ. ಮೊದಲು ಕೊಳವೆಗಳನ್ನು ಅಗಲಿಸುವ ಔಷಧ, ಆಮೇಲೆ ಶೇಕಡಾ 7ರ ಉಪ್ಪುನೀರನ್ನು ಯಂತ್ರದಿಂದ ಮಂಜು ಮಾಡಿ ಉಸಿರಿನೊಡನೆ ಸೇದುವುದು. ಈ ಉಪ್ಪುನೀರಿನ ಕತೆಯೂ ಸೊಗಸಾಗಿದೆ. ಆಸ್ಟ್ರೇಲಿಯಾದಲ್ಲಿ ಕಡಲಿನ ಅಲೆಗಳ ಮೇಲೆ ಹಲಗೆಯಾಟ ಆಡುವ ಈ ರೋಗದ ತರುಣರು ಇತರರಿಗಿಂತ ಚೆನ್ನಾಗಿ ಉಸಿರಾಡುತ್ತಾರೆಂದು ಅಲ್ಲಿಯ ವೈದ್ಯರ ಗಮನಕ್ಕೆ ಬಂದಿತು. ಪರೀಕ್ಷೆಗಳು ನಡೆದು 2006ರಲ್ಲಿ ಅದು ಸಿದ್ಧಪಟ್ಟಿತು: ಕೊಳವೆಯೊಳಗೆ ಹೋದ ಉಪ್ಪು ನೀರನ್ನು ಎಳೆದುಕೊಂಡು ಕಫವನ್ನು ಸಡಿಲಿಸುತ್ತದೆ. ನಾಗಪುರದಿಂದ ಕಡಲು ಯಾವ ದಿಕ್ಕಿಗೂ ದೂರ. ನಾವು ದಿನಕ್ಕೆರಡು ಸಲ ಮನೆಯಲ್ಲೇ ಕಾರವಾರ ಮಾಡಿಕೊಳ್ಳುತ್ತೇವೆ, ಅಲೆಯ ಬದಲು ಯಂತ್ರದ ಗುರ್‌ಗುಟ್ಟುವಿಕೆ.

ಅದಾದ ಮೇಲೆ ಬೆನ್ನು ತಟ್ಟುವ ಕೆಲಸ. ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ಅವಳು ಒಂದು ಮಗ್ಗುಲಿಗೆ ವಾಲಿ ಮಲಗಿರುವಾಗ ಒಂದೊಂದು ಭಾಗದ ಮೇಲೆ ಮೂರು ನಾಲ್ಕು ನಿಮಿಷ ತಟ್ಟಬೇಕು. ಚಿಕ್ಕವಳಿದ್ದಾಗ ಇಪ್ಪತ್ತರ ಮಗ್ಗಿ ತಾಳಕ್ಕೆ ಸರಿಯಾಗಿ ಮುಗಿಯುತ್ತಿತ್ತು. ಕೆಳಗಿನ ಮನೆಯವರು ಮೊದಲ ತಿಂಗಳು, ಈ ಮದರಾಸಿಗಳು ಹೊತ್ತು ಹುಟ್ಟುವ ಮೊದಲೇ ಮಗುವನ್ನು ಹೊಡೆಯುತ್ತಾರೆಂದು ತಿಳಿದಿದ್ದರು. (ಧಾರವಾಡದವರು ಮದರಾಸಿಗಳಲ್ಲ ಎಂಬುದನ್ನು ತಿಳಿಸುವುದು ಬೆನ್ನು ತಟ್ಟುವ ಕಾರಣ ತಿಳಿಸುವುದಕ್ಕಿಂತ ಕಷ್ಟವಾಯಿತು.) ಈಗ ಅವಳೇ ನೀರಿನ ಬಾಟಲಿಗೆ ಕೊಳವೆ ಇಟ್ಟು ಗುಳುಗುಳು ಊದುತ್ತಾಳೆ, ಗಂಟಲು ತೆರೆದು 'ಹಾ' ಎಂದು ಉಸಿರು ದೂಡಿ ಕಫ ತೆಗೆಯುತ್ತಾಳೆ. ಟೋಬ್ರಾಮೈಸಿನ್ ಸೇದುವ ಸರದಿ ಇಪ್ಪತ್ತೆಂಟು ದಿನ ಇದ್ದರೆ ಮುಂದಿನ ಇಪ್ಪತ್ತೆಂಟು ದಿನ ಬಿಡುವು. ಇದೆಲ್ಲ ಮುಗಿಸಿ, ಬಿಸಿಲೇರುವ ಮೊದಲು ಅವಳು ಬೇವಿನ ನೆರಳಿನ ರಸ್ತೆಯಲ್ಲಿ ವಿದ್ಯಾಲಯದ ಗೋಡೆಯುದ್ದಕ್ಕೂ ವೇಗವಾಗಿ ನಡೆದು ಬರಬೇಕು. ವ್ಯಾಯಾಮವೂ ಕಫ ಸಡಿಲಿಸುವ ಔಷಧವೇ.

ಊಟದ ವಿಷಯದಲ್ಲಿ ಲೋಕಕ್ಕೆಲ್ಲ ಒಂದು ನೀತಿಯಾದರೆ ಅವಳಿಗೊಂದು. ಮೇಲೆ ತರ್ರಿ ಹೊಯ್ದ ಪೋಹಾ ತಿನ್ನಬೇಡಿ, ಎಣ್ಣೆ ಹೆಚ್ಚು ಎಂದು ವೈದ್ಯರು ನಮಗೆ ಹೇಳುತ್ತಾರೆ. ಅದೇ ಮಾತು ಮುಗಿಸಿ ಅವಳ ಕಡೆ ತಿರುಗಿ, ತುಪ್ಪ ಸಾಲದು, ಇನ್ನೂ ಹಾಕಿಕೊ ಎನ್ನುತ್ತಾರೆ. ಪ್ರತಿ ಊಟಕ್ಕೆ, ಪ್ರತಿ ತಿಂಡಿಗೆ ಜೀರ್ಣರಸದ ಗುಳಿಗೆ ನುಂಗಬೇಕು, ಇಲ್ಲದಿದ್ದರೆ ತುಪ್ಪ ತುಪ್ಪವಾಗಿಯೇ ಹೋಗುತ್ತದೆ. ಉಪ್ಪಿನದು ಇನ್ನೂ ವಿಚಿತ್ರ. ಅವಳ ಅಜ್ಜನಿಗೆ ರಕ್ತದ ಒತ್ತಡ, ಉಪ್ಪು ವರ್ಜ್ಯ. ಆದುದರಿಂದ ಒಂದೇ ಅಡಿಗೆಮನೆಯಲ್ಲಿ ಎರಡು ತಂಬಿಗೆ ಮಜ್ಜಿಗೆ: ಒಂದು ಸಪ್ಪೆ, ಒಂದು ಕಡಲು. ಧಾರವಾಡದಿಂದ ಬಂದ ಅಕ್ಕ ಇದನ್ನು ನೋಡಿ, "ಏನವ್ವಾ, ಹುಡುಗಿಗೆ ಇಷ್ಟು ಉಪ್ಪು ಹಾಕ್ತೀ, ಕೈ ತಪ್ಪಿತೇನ?" ಎಂದು ಗಾಬರಿಯಾದಳು. ಕೈ ತಪ್ಪಿದ್ದಲ್ಲ. ನವತಪಾದ ಒಂಬತ್ತು ದಿನಗಳಲ್ಲಿ ಉಪ್ಪಿಲ್ಲದ ನೀರನ್ನಷ್ಟೇ ಕುಡಿಸಿದರೆ ಅವಳ ರಕ್ತದ ಉಪ್ಪು ಇಳಿದು, ವಾಂತಿ, ಸ್ನಾಯುಸೆಳೆತ, ಕೊನೆಗೆ ಕುಸಿದುಬೀಳುವುದು. ಎಳೆಗೂಸುಗಳಲ್ಲಿ ಇದು ಇನ್ನೂ ಬೇಗ ಬರುತ್ತದೆ. ಅವಳ ಕಾಲೇಜಿನ ಚೀಲದಲ್ಲಿ ಏಪ್ರಿಲಿನಿಂದ ಜೂನಿನವರೆಗೆ ಓ.ಆರ್.ಎಸ್. ಪುಡಿಯ ಪೊಟ್ಟಣಗಳಿರುತ್ತವೆ. ಅವಳ ಉಪ್ಪಿನಕಾಯಿಯ ಚಪಲಕ್ಕೆ ವೈದ್ಯರ ಅಪ್ಪಣೆಯೇ ಇದೆ.

ಇನ್ನು ಕೂಲರ್. ನಾಗಪುರದ ಮನೆಗೆ ಕಿಟಕಿಯಿದ್ದಂತೆ ಕಿಟಕಿಗೊಂದು ಕೂಲರ್. ಹೋಳಿ ಮುಗಿದೊಡನೆ ಅಟ್ಟದಿಂದ ಇಳಿದು, ಹೊಸ ಹುಲ್ಲಿನ ಇಲ್ಲವೆ ಲಾವಂಚದ ತಟ್ಟಿ ಕಟ್ಟಿಸಿಕೊಂಡು, ನೀರು ತುಂಬಿಸಿಕೊಂಡು ಅದು ಬೊಬ್ಬಿಡಲು ಶುರುಮಾಡುತ್ತದೆ. ಒಣ ಬಿಸಿಲಿಗೆ ಅದರಂಥ ಉಪಕಾರಿ ಇನ್ನೊಂದಿಲ್ಲ, ಲಾವಂಚದ ವಾಸನೆಯೂ ಹಿತ. ಆದರೆ ನಿಂತ ನೀರಿನಲ್ಲಿ ಸ್ಯೂಡೊಮೊನಾಸ್ ಎಂಬ ರೋಗಾಣು, ಒದ್ದೆ ತಟ್ಟಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆಯಬಹುದು. ಕಲೆಬಿದ್ದ ಶ್ವಾಸಕೋಶಕ್ಕೆ ಈ ಎರಡೂ ಪರಮ ವೈರಿಗಳು. ಕೋಣೆಗೆಲ್ಲ ತಂಪು ಹಂಚುವ ಗಾಳಿಯೇ ಅವನ್ನೂ ಹಂಚುತ್ತದೆ. ಆದುದರಿಂದ ಅವಳ ಕೋಣೆಯಲ್ಲಿ ಕೂಲರ್ ಇಲ್ಲ, ಜಾಳಿಗೆ ತೊಳೆದ ಏ.ಸಿ. ಇದೆ, ಅದರ ವಿದ್ಯುತ್ತಿನ ಬಿಲ್ಲನ್ನು ನಾವು ಔಷಧದ ಲೆಕ್ಕಕ್ಕೆ ಬರೆಯುತ್ತೇವೆ. ನಡುಮನೆಯ ಕೂಲರಿನ ನೀರನ್ನು ದಿನವೂ ಖಾಲಿ ಮಾಡಿ ಒಣಗಿಸುತ್ತೇವೆ. ನೆರೆಯವರ ಕೂಲರನ್ನು ಒಣಗಿಸುವುದು ನಮ್ಮ ಕೈಯಲ್ಲಿಲ್ಲ.

ಮಳೆಗಾಲಕ್ಕೆ ತೇವದ ಚಿಂತೆ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳ ಮಳೆಗೆ ಅಂಬಾಝರಿ ಕೆರೆ ಉಕ್ಕಿ ಆ ಕಡೆಯ ಬಡಾವಣೆಗಳಲ್ಲಿ ಮನೆಗಳೊಳಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಕಪ್ಪು ಬೂಷ್ಟು ಹತ್ತಿತು. ಅವಳ ಗೆಳತಿಯರ ಮನೆಗಳಿಗೆ ಹೋಗುವುದನ್ನು ದೀಪಾವಳಿಯವರೆಗೆ ನಿಲ್ಲಿಸಬೇಕಾಯಿತು. ಚಳಿಗಾಲದಲ್ಲಿ ಹೊಗೆ, ಉತ್ತರಕ್ಕೆ ಕೊರಾಡಿ ಮತ್ತು ಖಾಪರಖೇಡಾ ವಿದ್ಯುತ್ ಕೇಂದ್ರಗಳ ಬೂದಿ.

ಇಷ್ಟೆಲ್ಲ ಇದ್ದರೆ ಧಾರವಾಡಕ್ಕೇ ಮರಳಿ ಬರಬಾರದೇ ಎಂದು ಊರಿನವರು ಪ್ರತಿ ಬೇಸಗೆಯಲ್ಲಿ ಪತ್ರ ಬರೆಯುತ್ತಿದ್ದರು, ಈಗ ಫೋನು ಮಾಡುತ್ತಾರೆ. ಅಲ್ಲಿಯ ಹವೆ ತಂಪು, ನಿಜ. ಮಳೆಗಾಲದ ತೇವವೂ ಹೆಚ್ಚು ಎಂಬುದನ್ನು ಅವರು ಹೇಳುವುದಿಲ್ಲ. ಇಲ್ಲಿ ಅವಳ ಎದೆಯ ಸದ್ದನ್ನು ಹದಿಮೂರು ವರ್ಷಗಳಿಂದ ಬಲ್ಲ ವೈದ್ಯರಿದ್ದಾರೆ, ಅವಳ ಕಾಲೇಜಿದೆ, ನಮ್ಮ ಉದ್ಯೋಗವಿದೆ. ಹದಿನೆಂಟು ತುಂಬಿದ ದಿನ ಈ ಪ್ರಶ್ನೆಯನ್ನು ಅವಳಿಗೇ ಕೇಳಿದೆವು. "ಇಲ್ಲೇ ಇರ್ತೀನಿ. ಈ ಬಿಸಿಲು ನನಗ ಗೊತ್ತದ" ಎಂದಳು.

ಮನೆತನದ ಒಂದು ಮಾತನ್ನೂ ಇಲ್ಲಿ ಬಿಚ್ಚಿ ಹೇಳಬೇಕು. ನಾವು ಗಂಡಹೆಂಡಿರು ಸೋದರತ್ತೆ ಸೋದರಮಾವಂದಿರ ಮಕ್ಕಳು. ನಮ್ಮ ಕಡೆ ಇದು ಹೊಸತೇನಲ್ಲ, ಮನೆಯ ಹುಡುಗಿ ಮನೆಯಲ್ಲೇ ಉಳಿಯಲೆಂದು ಹಿರಿಯರು ಮಾಡುವ ಸಂಬಂಧ. ಈ ರೋಗದ ದೋಷ ಏಳನೆಯ ವರ್ಣತಂತುವಿನ ಒಂದು ಜೀನಿನಲ್ಲಿದೆ ಎಂದು 1989ರಲ್ಲಿ ಗೊತ್ತಾಯಿತು. ಒಂದೇ ಕೆಟ್ಟ ಪ್ರತಿ ಇದ್ದವರಿಗೆ ರೋಗವಿಲ್ಲ, ಅವರಿಗೆ ತಿಳಿಯುವುದೂ ಇಲ್ಲ. ಅಂಥ ಇಬ್ಬರು ಕೂಡಿದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವ. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರ ಬಳಿಯೂ ಇರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು. ಕಳೆದ ವರ್ಷ ನಮ್ಮ ಹಿರಿಯ ಮಗನಿಗೆ ಸೋದರಮಾವನ ಮಗಳ ಪ್ರಸ್ತಾಪ ಬಂದಾಗ ಇಬ್ಬರ ರಕ್ತದ ಪರೀಕ್ಷೆಯಾಗಲಿ ಎಂದೆವು. ಜಾತಕ ಕೇಳಿದ್ದರೆ ಯಾರೂ ಮುನಿಯುತ್ತಿರಲಿಲ್ಲ. ರಕ್ತ ಕೇಳಿದ್ದಕ್ಕೆ ಮೂರು ತಿಂಗಳು ಮಾತು ನಿಂತಿತು. ಕೊನೆಗೆ ಹುಡುಗಿಯೇ ತನ್ನ ತಂದೆಗೆ ಹೇಳಿ ಪರೀಕ್ಷೆ ಮಾಡಿಸಿದಳು. ಇಬ್ಬರಲ್ಲೂ ದೋಷದ ಪ್ರತಿ ಇತ್ತು. ಸಂಬಂಧ ಬೆಳೆಯಲಿಲ್ಲ. ಅವಳು ಈಗಲೂ ನಮ್ಮ ಮನೆಗೆ ಬರುತ್ತಾಳೆ, ಮಗಳ ಬೆನ್ನು ತಟ್ಟುತ್ತಾಳೆ.

ಔಷಧ ಬಂದಿಲ್ಲವೇ ಎಂದು ಕೇಳುವಿರಿ. ಬಂದಿದೆ, ಮತ್ತು ಅದನ್ನು ವಿವರಿಸಲು ನಮಗೆ ವಿಶ್ವೇಶ್ವರಯ್ಯನವರೇ ಬೇಕು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅವರು 1903ರಲ್ಲಿ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದರು. ಈ ಹೊಸ ಔಷಧಗಳೂ ಜೀವಕೋಶದ ಬಾಗಿಲನ್ನೇ ರಿಪೇರಿ ಮಾಡುತ್ತವೆ: 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ಬಾಗಿಲನ್ನು ತೆರೆದು ಹಿಡಿಯುವಂಥದು, 2019ರಲ್ಲಿ ಬಂದ ಮೂರರ ಕೂಟದಲ್ಲಿ ಎರಡು ಔಷಧಗಳು ಬಾಗಿಲನ್ನು ಅದರ ಜಾಗಕ್ಕೆ ತಂದು ನಿಲ್ಲಿಸುತ್ತವೆ, ಮೂರನೆಯದು ತೆರೆಯುತ್ತದೆ. ಎಲ್ಲ ಬಗೆಯ ದೋಷಕ್ಕೂ ಅವು ಹೊಂದುವುದಿಲ್ಲ. ಹೊಂದಿದವರ ಬದುಕು ಬದಲಾಗಿದೆ. ಒಂದು ಕಾಲಕ್ಕೆ ಈ ಮಕ್ಕಳು ಶಾಲೆಯ ಮುಖ ಕಾಣುವುದೇ ಅಪರೂಪವಾಗಿತ್ತು. ಅಮೆರಿಕ, ಬ್ರಿಟನ್ನುಗಳಲ್ಲಿ ಇಂದು ಈ ರೋಗದ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಆದರೆ ಆ ಕೂಟದ ಬೆಲೆ 2019ರಲ್ಲಿ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮಿಕ್ಕಿ ಇತ್ತು. 2023ರಲ್ಲಿ ಭಾರತವೂ ಸೇರಿ ನಾಲ್ಕು ದೇಶಗಳ ಕುಟುಂಬಗಳು ಅಗ್ಗದ ಪ್ರತಿಗಳಿಗೆ ದಾರಿ ಮಾಡಿಕೊಡಿರೆಂದು ಒಟ್ಟಾಗಿ ಬೇಡಿಕೆಯಿಟ್ಟವು. ನಮ್ಮ ಸರಕಾರದ 2021ರ ಅಪರೂಪ ರೋಗಗಳ ನೀತಿಯ ಪಟ್ಟಿಯಲ್ಲಿ, ಮೂರನೆಯ ಗುಂಪಿನಲ್ಲಿ, ಈ ರೋಗದ ಹೆಸರಿದೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಆಸ್ಪತ್ರೆಯೂ ಕೂಡಿ, ಮುಂಬಯಿಯಲ್ಲಿ ಕೆ.ಇ.ಎಂ. ಆಸ್ಪತ್ರೆ, ಅದರ ನಿಯೋಜಿತ ಕೇಂದ್ರಗಳು. ಇಂಥ ಮಗುವಿರುವ ವಾಚಕರು ಅಲ್ಲಿ ಹೆಸರು ಬರೆಸಿರಬೇಕು. ನಾವು ಬರೆಸಿದ್ದೇವೆ. ಗುಳಿಗೆ ಇನ್ನೂ ನಮ್ಮ ಮನೆಗೆ ಬಂದಿಲ್ಲ. ಬಂದರೂ ಬಿದ್ದ ಕಲೆ ಮಾಯುವುದಿಲ್ಲವಾದ್ದರಿಂದ ಬೆಳಗಿನ ಐದೂವರೆಯ ಗಡಿಯಾರವನ್ನು ತಿರುಗಿಸಿಡುವ ಯೋಚನೆ ಸದ್ಯಕ್ಕಿಲ್ಲ.

ನಾವು ಹೊರನಾಡಿನ ಕನ್ನಡಿಗರು ಹತ್ತು ಮನೆಯಿದ್ದಲ್ಲಿ ಒಂದು ಸಂಘ ಕಟ್ಟುತ್ತೇವೆ. ಈ ರೋಗದವರಿಗೆ ಆ ಸುಖವೂ ಇಲ್ಲ. ಒಬ್ಬರ ಎದೆಯ ರೋಗಾಣು ಇನ್ನೊಬ್ಬರಿಗೆ ಅಪಾಯವಾದ್ದರಿಂದ ಇಬ್ಬರು ರೋಗಿಗಳು ಕನಿಷ್ಠ ಆರು ಅಡಿ ದೂರ ಇರಬೇಕೆಂಬುದು ವೈದ್ಯರ ಕಟ್ಟಳೆ. ಬೇರೊಂದು ಊರಿನಲ್ಲಿ ಅವಳ ವಯಸ್ಸಿನ, ಇದೇ ರೋಗದ ಒಬ್ಬ ಹುಡುಗಿಯಿದ್ದಾಳೆ. ಎಂಟು ವರ್ಷಗಳ ಸ್ನೇಹ, ದಿನವೂ ಫೋನಿನಲ್ಲಿ ಮಾತು. ಕೆಮ್ಮು ಕೇಳಿಯೇ ಇವತ್ತು ಎಷ್ಟು ಕಫ ಎಂದು ಪರಸ್ಪರ ಹೇಳಬಲ್ಲರು. ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ಕಂಡಿಲ್ಲ.

ಬಜಾಜ್ ನಗರಕ್ಕೆ ಬರುವವರಿದ್ದರೆ ಡಿಸೆಂಬರಿನಲ್ಲಿ ಬನ್ನಿರಿ. ಆಗ ಸಂತ್ರಾ ಸುಗ್ಗಿ, ಬೆಳಗಿನ ಚಳಿ ಹಿತ, ವಿದ್ಯಾಲಯದ ರಸ್ತೆಯಲ್ಲಿ ನಮ್ಮ ಹುಡುಗಿ ನಿಮ್ಮನ್ನು ಹಿಂದೆ ಹಾಕಿ ನಡೆಯುತ್ತಾಳೆ. ನೆಗಡಿಯಿದ್ದವರು ದಯವಿಟ್ಟು ಒಂದು ವಾರ ತಡೆದು ಬರಬೇಕು; ಇದಕ್ಕೆ ನೆಂಟರು ಬೇಸರಪಡುವುದನ್ನು ಬಿಟ್ಟಿದ್ದಾರೆ. ಬರುವಾಗ ಧಾರವಾಡದ ಪೇಢೆ ತರಬಹುದು, ಎಷ್ಟು ತಂದರೂ ಸರಿ. ಗುಳಿಗೆ ನಮ್ಮಲ್ಲಿದೆ.